ರೀಲರ್ ಸಾಹೇಬರ ಒಂದೇ ಒಂದು ‘ಐತೆ’

ಆ ಹಕ್ಕಿ ನಾನೇ.

ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಓದುತ್ತ ಓದುತ್ತ ನೀವೂ ನನ್ನ ಮೇಲೆ ಅನುಮಾನಪಡಲು ಶುರು ಮಾಡುತ್ತೀರಿ, ಅದು ನನಗೆ ಈಗಾಗಲೇ ಬೇಕಾದಷ್ಟಾಗಿದೆ. ಕನಕಪುರದ ಕಡೆಯ ಒಂದು ಬಂಡೆಗುಡ್ಡದ ಮೇಲೆ ನಮ್ಮ ಪಕ್ಷಿ ಸಂಘದವರೆಲ್ಲ ಒಂದು ಭಾನುವಾರ ಬೆಳಿಗ್ಗೆ ಉಸಿರು ಬಿಗಿಹಿಡಿದು ಕೇಳಿದ, ಕೇಳಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವುದೊಂದೇ ಬಾಕಿ ಎಂಬಷ್ಟು ಹಿಗ್ಗಿದ ಹಳದಿ ಕೊರಳಿನ ಪಿಕಳಾರದ ಕೂಗು ಹೊರಟದ್ದು ಈ ಗಂಟಲಿನಿಂದ. ಕೂಗಿದ್ದು ತಮಾಷೆಗೆ. ಅಷ್ಟಕ್ಕೇ ನಾನು ಮೂರ್ಖನಾಗುವುದಿಲ್ಲ, ಕಿಡಿಗೇಡಿಯಾಗುತ್ತೇನೆ. ಮೂರ್ಖತನ ನಡೆದದ್ದು ಆಮೇಲೆ. ಶಿಫ್ಟಿಗೆ ಹೋಗುವ ಮುಂಚೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುತ್ತ, ನನ್ನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗೆಳೆಯರ ಮುಂದೆ ಆ ಕೂಗನ್ನು ಇನ್ನೊಮ್ಮೆ ಕೂಗಿ ತೋರಿಸಿ, “ಇವತ್ತು ರೀಲರ್ ಸಾಹೇಬ್ರಿಗೇ ಟೋಪಿ ಹಾಕ್ಬುಟ್ಟೆ ಕಣ್ರಲಾ” ಎಂದು ಕೊಚ್ಚಿಕೊಂಡೆ. ಅವರಲ್ಲೊಬ್ಬ ಅದನ್ನು ಫೋನಿನಲ್ಲಿ ಹಿಡಿದ. ಸಂಜೆಯ ಹೊತ್ತಿಗೆ ಅದು ಸಂಘದ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿತ್ತು. ಹೇಗೆ ಬಂತು ಎಂಬ ಬಗ್ಗೆ ಇಬ್ಬರ ಮೇಲೆ ನನಗೆ ಇವತ್ತಿಗೂ ಗುಮಾನಿಯಿದೆ.

ಅದರಿಂದ ನನ್ನ ಮಾನ ಹೋಗಿದ್ದರೆ ಅಂಥ ನಷ್ಟವೇನಿರಲಿಲ್ಲ, ಇದ್ದದ್ದೇ ಸ್ವಲ್ಪ. ಹೋಗುವುದರಲ್ಲಿದ್ದದ್ದು ಸಾಹೇಬರ ಮಾತು. ಅವರು ಆ ಗುಡ್ಡದ ಮೇಲೆ ಒಂದು ಮಾತು ಆಡಿದ್ದರು. ಸಂಘಕ್ಕೆ ಸೇರಿದ ಲಾಗಾಯ್ತಿನಿಂದ ಯಾವ ಹಕ್ಕಿಯ ವಿಷಯದಲ್ಲೂ ಅವರು ಆಡದೇ ಇದ್ದ ಮಾತು ಅದು.

ಸಾಹೇಬರಿಗೆ ರಾಮನಗರದಲ್ಲಿ ಒಂದು ಚಿಕ್ಕ ರೀಲಿಂಗ್ ಯೂನಿಟ್ಟು ಇತ್ತು. ರೇಷ್ಮೆ ಗೂಡು ತಂದು, ಬೇಯಿಸಿ, ನೂಲು ತೆಗೆಸುವುದು. ಗೂಡಿನ ಮಾರುಕಟ್ಟೆಯಲ್ಲಿ ರೈತರು ಲಾಟು, ಅಂದರೆ ಹರಾಜಿನ ಗೂಡಿನ ರಾಶಿ, ಸುರಿದರೆ ಮೇಲೆ ಬೆಳ್ಳಗೆ ಮಿನುಗುವ ಗೂಡಿನ ಕಡೆ ಅವರು ಕಣ್ಣು ಕೂಡ ಹಾಯಿಸುತ್ತಿರಲಿಲ್ಲವಂತೆ. ಮೊಣಕೈವರೆಗೆ ಕೈ ಇಳಿಸಿ ತಳದ ಗೂಡೊಂದನ್ನು ತೆಗೆಯುವುದು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು, ಒಳಗಿನ ಹುಳು ಗಟ್ಟಿಯಾಗಿದೆಯೋ ಸತ್ತು ಕರಗಿದೆಯೋ ಸದ್ದಿನಲ್ಲೇ ತಿಳಿದುಕೊಳ್ಳುವುದು, ಮುಖದಲ್ಲಿ ಏನೊಂದೂ ತೋರಿಸದೆ ಮುಂದಿನ ಲಾಟಿಗೆ ಹೋಗುವುದು. ವಾರವೆಲ್ಲ ರೇಷ್ಮೆ ಗೂಡು, ಭಾನುವಾರ ಹಕ್ಕಿ ಗೂಡು. ಎರಡಕ್ಕೂ ಅದೇ ಕಿವಿ, ಅದೇ ಅನುಮಾನ.

ಸಣಕಲು ಆಳು. ಜಾಲರಿ ಹೆಣೆದ ಬಿಳಿ ಟೋಪಿ, ಒಪ್ಪವಾಗಿ ಕತ್ತರಿಸಿದ ಗಡ್ಡ, ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು. ದುರ್ಬೀನಿನ ಪಟ್ಟಿ ಹರಿದ ಮೇಲೆ ರೇಷ್ಮೆ ಹುರಿ ಹೊಸೆದು ಕಟ್ಟಿಕೊಂಡಿದ್ದರು. ರಾಮನಗರ ಜಿಲ್ಲೆಯಲ್ಲಿ ಅಷ್ಟು ಬೆಲೆಬಾಳುವ ಹಗ್ಗಕ್ಕೆ ಅಷ್ಟು ಹಳೆಯ ದುರ್ಬೀನು ಬೇರೆಲ್ಲೂ ನೇತಾಡುತ್ತಿರಲಾರದು. ಹಕ್ಕಿ ಕಂಡಾಗ ಮೊದಲು ದುರ್ಬೀನಿನಲ್ಲಿ ನೋಡುವರು, ಆಮೇಲೆ ಅದನ್ನು ಇಳಿಸಿ ಬರಿಗಣ್ಣಲ್ಲಿ ನೋಡುವರು, ಇನ್ನೊಮ್ಮೆ ದುರ್ಬೀನಿನಲ್ಲಿ ನೋಡುವರು. ಯಾಕೆ ಅಂತ ಒಮ್ಮೆ ಕೇಳಿದ್ದಕ್ಕೆ, “ಗಾಜು ಏನ್ ಬೇಕಾದ್ರೂ ತೋರಿಸ್ತದೆ” ಅಂದರು.

ನಾನು ಸಂಘಕ್ಕೆ ಹೊಸದಾಗಿ ಹೋದ ದಿನ ನನ್ನ ಹೆಸರು ಕೇಳಿದರು. ಹೇಳಿದೆ. ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿ, “ಇರ್ಬೌದು” ಅಂದರು.

ಈ ‘ಇರ್ಬೌದು’ ಎಂಬ ಮಾತನ್ನು ನಮ್ಮ ಕಡೆ ಎಲ್ಲರೂ ಆಡುತ್ತಾರೆ. ಬೇರೆಯವರ ಬಾಯಲ್ಲಿ ಅದು ಅರ್ಧ ತೆರೆದ ಬಾಗಿಲು. ಸಾಹೇಬರ ಬಾಯಲ್ಲಿ ಚಿಲಕ. ‘ಇರ್’ ಅನ್ನುವಾಗ ಗಲ್ಲ ಮೇಲೆತ್ತಿ, ‘ಬೌದು’ ಅನ್ನುವಾಗ ಕಣ್ಣು ಮುಚ್ಚಿಬಿಡುವರು. ಅಲ್ಲಿಗೆ ಆ ಹಕ್ಕಿಯ ಕಥೆ ಮುಗಿದ ಹಾಗೆ. ಅವರು ‘ಇಲ್ಲ’ ಎಂದು ಯಾರಿಗೂ ಹೇಳಿದವರಲ್ಲ. ಅದು ಅಪ್ಪಟ ಬೈಗುಳಕ್ಕಿಂತ ಹೆಚ್ಚು ಉರಿಯುತ್ತಿತ್ತು.

ಅವರು ಹೋದ ಮಳೆಗಾಲದಲ್ಲಿ ತೀರಿಕೊಂಡರು. ಸಂಘದ ಕಾರ್ಯದರ್ಶಿ ಮೇಡಂ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು, ಸುದ್ದಿ ಹೇಳಲು ಫೋನ್ ಮಾಡಿದಾಗ ನನ್ನ ಬಾಯಿಂದ ಹೊರಟದ್ದು “ಇರ್ಬೌದು” ಎಂಬ ಮಾತು, ಅದೂ ಅವರದೇ ದನಿಯಲ್ಲಿ. ಮೇಡಂ ಬೈಯುತ್ತಾರೆ ಅಂದುಕೊಂಡೆ. ಅವರು, “ಇನ್ನೊಂದ್ಸಲ ಹೇಳು” ಅಂದರು.

ನಮ್ಮ ಸಂಘದ ಬಹಳ ಗಟ್ಟಿ ನಿಯಮವೊಂದನ್ನು ಮಾಡಿದವರು ಸಾಹೇಬರೇ. ಎರಡು ಜೊತೆ ಕಣ್ಣು ಕಾಣದ ಹಕ್ಕಿ ಹಕ್ಕಿಯಲ್ಲ. ಒಬ್ಬರೇ ನೋಡಿದ್ದು ನೋಡಿದವರ ಮನೆಯಲ್ಲಿರಲಿ, ಸಂಘದಲ್ಲಿ ಬೇಡ. “ಒಂದು ಗೂಡು ಅಲ್ಲಾಡ್ಸಿ ಲಾಟು ತಗೊಳ್ಳಕ್ಕಾಯ್ತದಾ?” ಎಂದು ಅವರು ಕೇಳಿದಾಗ ರೇಷ್ಮೆಯ ಗಂಧ ಗೊತ್ತಿಲ್ಲದವರೂ ತಲೆಯಾಡಿಸಿದರು.

ಹಾಗಂತ ಅವರ ಅನುಮಾನ ಯಾವಾಗಲೂ ಸರಿಯಾಗಿರುತ್ತಿತ್ತು ಅಂದುಕೊಳ್ಳಬೇಡಿ. ಮಾಗಡಿ ರಸ್ತೆಯ ಒಂದು ಮಾವಿನ ತೋಪಿನಲ್ಲಿ ಮೇಡಂ ಬಿಳಿಯ ರಾಜಹಕ್ಕಿಯನ್ನು ಕಂಡರು. ಹಾಲಿನಂಥ ಮೈ, ರಿಬ್ಬನ್ನಿನ ಹಾಗೆ ಇಳಿಬಿದ್ದ ಬಾಲ. ನಾವೆಲ್ಲ ಬಾಯಿ ತೆರೆದು ನಿಂತೆವು. ಸಾಹೇಬರು ದೂರದಿಂದ ನೋಡಿ, “ಮದ್ವೆ ಛತ್ರದಿಂದ ಪ್ಲಾಸ್ಟಿಕ್ ಕವರ್ ಹಾರ್ಕೊಂಡು ಬಂದು ಹಿಂಗೇ ಸಿಕ್ಕಾಕೊಂಡಿರ್ತದೆ” ಅಂದರು. ಮೇಡಂ ಮುಖ ಕೆಂಪಗಾಯಿತು. ಅಷ್ಟರಲ್ಲಿ ಪ್ಲಾಸ್ಟಿಕ್ ಕವರು ಹಾರಿ, ಗಾಳಿಯಲ್ಲೊಂದು ಲಾಗ ಹಾಕಿ, ನೊಣ ಹಿಡಿದು ಬೇರೆ ಕೊಂಬೆಯ ಮೇಲೆ ಕೂತಿತು. ಎಲ್ಲರೂ ಸಾಹೇಬರತ್ತ ತಿರುಗಿದೆವು. ಅವರು ಬಹಳ ಹೊತ್ತು ಯೋಚಿಸಿ, “ಪ್ಲಾಸ್ಟಿಕ್ಕು ಹಾರ್ತದೆ, ನೊಣ ಹಿಡಿಯಲ್ಲ” ಎಂದರು. ಒಂದು ಉಸಿರು ಬಿಟ್ಟು, “ಇರ್ಬೌದು” ಎಂದರು. ಅವರ ಲೆಕ್ಕದಲ್ಲಿ ಅದು ಕ್ಷಮಾಪಣೆ. ಮೇಡಂ ಅದನ್ನು ಒಪ್ಪಿಕೊಂಡರೋ ಇಲ್ಲವೋ, ಮುಂದೆ ನೋಡೋಣ.

ಇನ್ನೊಬ್ಬರು ಲೆನ್ಸ್ ಸಾರ್. ಬೆಂಗಳೂರಿನಿಂದ ಬಂದು ಬಿಡದಿಯ ಹತ್ತಿರ ವಿಲ್ಲಾ ಕಟ್ಟಿಸಿಕೊಂಡವರು. ಎತ್ತಿಕೊಂಡು ಓಡಾಡುವ ಕೂಸಿನಷ್ಟು ದೊಡ್ಡ ಲೆನ್ಸು, ಅದನ್ನು ಅವರು ಎತ್ತಿಕೊಳ್ಳುವ ರೀತಿಯೂ ಹಾಗೇ. ಒಮ್ಮೆ ಗಿಡುಗವೊಂದರ ಫೋಟೋ ತೆಗೆದು ಕ್ಯಾಮೆರಾದ ಹಿಂಬದಿಯಲ್ಲೇ ಎಲ್ಲರಿಗೂ ತೋರಿಸಿದರು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೋಡಿ, “ಫೋಟೋ ಚೆನ್ನಾಗೈತೆ” ಅಂದರು.

“ಹಕ್ಕಿ ಹೇಗಿದೆ ಹೇಳಿ ಸಾಹೇಬ್ರೆ.”

“ಹಕ್ಕಿನೂ ಚೆನ್ನಾಗೈತೆ. ಗುಡ್ಡ ಎಲ್ಲೈತೆ?”

“ಯಾವ ಗುಡ್ಡ?”

“ನೀವು ತೆಗೆದೆ ಅಂತೀರಲ್ಲ, ಆ ಗುಡ್ಡ. ಫೋಟೋದಲ್ಲಿ ಬರೀ ಹಕ್ಕಿ, ಬರೀ ಆಕಾಶ. ಆಕಾಶ ಎಲ್ಲಾ ಊರಲ್ಲೂ ಐತೆ.”

ಲೆನ್ಸ್ ಸಾರ್ ಆ ಲೆನ್ಸಿನ ಮುಚ್ಚಳ ಹಾಕಿದ ಸದ್ದು ನನಗೆ ಚೆನ್ನಾಗಿ ನೆನಪಿದೆ. ಅದನ್ನೂ ನಾನು ಅನುಕರಿಸಬಲ್ಲೆ.

ಸಾಹೇಬರಿಗೆ ತಕ್ಕ ಜೋಡಿ ಸಿಕ್ಕಿದ್ದು ಒಂದೇ ಸಲ. ಕುದೂರಿನ ಹತ್ತಿರ ನಾವೆಲ್ಲ ಕೊರಳಿಗೆ ದುರ್ಬೀನು ಹಾಕಿಕೊಂಡು ಬದುವಿನ ಮೇಲೆ ಸಾಲಾಗಿ ಹೋಗುತ್ತಿದ್ದೆವು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ಕೋಲು ಅಡ್ಡ ಹಿಡಿದು ನಿಲ್ಲಿಸಿದರು.

“ಯಾವ ಲೇಔಟ್ನೋರು ಸಾಮಿ?”

“ಲೇಔಟಲ್ಲ ಯಜಮಾನ್ರೆ. ಹಕ್ಕಿ ನೋಡಕ್ಕೆ ಬಂದಿದ್ದೀವಿ” ಅಂದರು ಸಾಹೇಬರು.

ಮುದುಕರು ನಮ್ಮ ಬೂಟು ನೋಡಿದರು, ಲೆನ್ಸ್ ಸಾರಿನ ಕೂಸನ್ನು ನೋಡಿದರು, ಬದುವಿನಾಚೆಯ ತಮ್ಮ ಹೊಲವನ್ನೂ ಒಮ್ಮೆ ನೋಡಿಕೊಂಡರು. “ಹಕ್ಕಿನಾ? ಇಷ್ಟ್ ಜನಾನಾ? ಇರ್ಬೌದು” ಅಂದರು.

ಸಾಹೇಬರ ಮುಖ ಅರಳಿದ್ದನ್ನು ನಾನು ನೋಡಿದ್ದು ಆವತ್ತು. ದಾರಿಯುದ್ದಕ್ಕೂ “ಭಾಳ ಒಳ್ಳೆ ಮನುಷ್ಯ” ಎನ್ನುತ್ತ ಬಂದರು.

ನನಗೆ ಚಿಕ್ಕಂದಿನಿಂದ ಇರುವ ರೋಗವೆಂದರೆ ಒಬ್ಬರ ಮಾತು ಕೇಳಿದ ಮೇಲೆ ಅದು ನನ್ನ ಬಾಯಲ್ಲಿ ಬಾರದೆ ಇರುವುದಿಲ್ಲ. ನಮ್ಮ ಕಂಡಕ್ಟರು, ನಮ್ಮ ಸೂಪರ್‌ವೈಸರು, ನಮ್ಮಮ್ಮ ಎಲ್ಲರೂ ಈ ಗಂಟಲಲ್ಲಿ ಬಿಡಾರ ಮಾಡಿದ್ದಾರೆ. ಹಾಗಾಗಿ ನನ್ನ ಸ್ವಂತ ದನಿ ಯಾವುದು ಎಂಬ ಬಗ್ಗೆ ನನಗೇ ಅನುಮಾನ. ಹಕ್ಕಿಗಳೂ ಬಂದು ಸೇರಿಕೊಂಡದ್ದು ಸಂಘಕ್ಕೆ ಹೋದ ಮೇಲೆ. ತಿಂಗಳಿಗೊಮ್ಮೆ ಶಾಲೆಯ ಕೊಠಡಿಯಲ್ಲಿ ನಡೆಯುವ ಸಂಘದ ಮಾತುಕತೆಯಲ್ಲಿ ಒಂದು ಸಲ ಭಾಷಣಕಾರರು ಬರುವುದು ತಡವಾಯಿತು. ಹೊತ್ತು ಹೋಗಲಿ ಅಂತ ನನ್ನನ್ನು ಎಬ್ಬಿಸಿದರು. ಕುಟ್ರ ಹಕ್ಕಿ ಆಯಿತು, ಮರಕುಟಿಗ ಆಯಿತು, ಮೇಡಂ ಆದರು, ಕೊನೆಗೆ ಸಾಹೇಬರಾದರು. ‘ಇರ್’ ಅನ್ನುವಾಗ ಗಲ್ಲ ಎತ್ತಿದೆ, ‘ಬೌದು’ ಅನ್ನುವಾಗ ಕಣ್ಣು ಮುಚ್ಚಿದೆ. ಜನ ಬೆಂಚು ಬಡಿದು ನಕ್ಕರು. ಕಣ್ಣು ತೆರೆದಾಗ ಎದುರಿಗೇ ಸಾಹೇಬರು.

“ನಾನು ಹಂಗ್ ಮಾತಾಡ್ತೀನಾ?”

“ಹೌದು ಸಾಹೇಬ್ರೆ.”

“ಇರ್ಬೌದು” ಅಂದರು. ಕೊಠಡಿ ಇನ್ನೊಮ್ಮೆ ನಕ್ಕಿತು. ಅವರು ನಗಲಿಲ್ಲ. ನನ್ನ ಗಂಟಲನ್ನೇ ನೋಡುತ್ತಿದ್ದರು.

ಅಲ್ಲಿಂದ ಮುಂದೆ ನಡಿಗೆಯಲ್ಲಿ ಎಲ್ಲೇ ಹಕ್ಕಿ ಕೂಗಲಿ, ಎಲ್ಲರೂ ಮರ ನೋಡಿದರೆ ಸಾಹೇಬರು ಮೊದಲು ನನ್ನ ಗಂಟಲು ನೋಡುವರು. ಅದು ಅಲ್ಲಾಡುತ್ತಿಲ್ಲ ಅಂತ ಗೊತ್ತಾದ ಮೇಲೆ ಮರ. ಎಷ್ಟೋ ಹಕ್ಕಿ ಅಷ್ಟರೊಳಗೆ ಹಾರಿಹೋಗಿರುತ್ತಿದ್ದವು. ಹೀಗಾದರೆ ನಷ್ಟ ಅಂತ ಅವರಿಗೂ ಅನ್ನಿಸಿರಬೇಕು. ಜೇಬಿನಲ್ಲಿ ಕಡ್ಲೆಕಾಯಿ ಚಿಕ್ಕಿ ಇಟ್ಟುಕೊಂಡು ಬರಲು ಶುರು ಮಾಡಿದರು. ಬೆಲ್ಲದ ಪಾಕ ಕಲ್ಲಿನಂತಾಗುವವರೆಗೆ ಕಾಯಿಸಿದ್ದು, ಹಲ್ಲಿಗೆ ಅಂಟಿದರೆ ಬಿಡುವ ಜಾತಿಯದಲ್ಲ. ಮುಖ್ಯವಾದ ಜಾಗ ಬಂದಾಗಲೆಲ್ಲ ಒಂದು ತುಂಡು ತೆಗೆದು ನನ್ನ ಕೈಗೆ ಕೊಟ್ಟು, “ತಗೋ, ಬೀಗ” ಅನ್ನುವರು. ನಾನು ಅದನ್ನು ಬಾಯಿಗೆ ಹಾಕಿ, ಕಟಂ ಅಂತ ಸದ್ದು ಬಂದ ಮೇಲೆಯೇ ಅವರ ಕಿವಿ ಕಾಡಿನ ಕಡೆ ತಿರುಗುತ್ತಿದ್ದದ್ದು.

ಆ ವರ್ಷ ಸಂಘಕ್ಕೊಂದು ಆಸೆ ಹುಟ್ಟಿತು. ಕನಕಪುರದ ಕಡೆಯ ಆ ಗುಡ್ಡದ ಬುಡದಲ್ಲಿ ಅಲ್ಲಿಯ ಹಕ್ಕಿಗಳ ಚಿತ್ರವಿರುವ ಮರದ ಹಲಗೆ ನಿಲ್ಲಿಸಬೇಕು. ಗುಡ್ಡದ ಹೆಸರು ಹೇಳುವುದಿಲ್ಲ. ಹೇಳಿದರೆ ಮುಂದಿನ ಭಾನುವಾರವೇ ಅಲ್ಲಿ ಹಕ್ಕಿಗಿಂತ ಲೆನ್ಸು ಹೆಚ್ಚಾಗಿರುತ್ತವೆ. ಚನ್ನಪಟ್ಟಣದ ಗೊಂಬೆ ಕೆಲಸದವರ ಕೈಲಿ ಹಲಗೆ ಮಾಡಿಸಿ, ಬಣ್ಣ ಹಾಕಿಸಿ ಆಗಿತ್ತು. ಕೊನೆಯ ಮೂಲೆಯಲ್ಲಿ ಒಂದು ಹಕ್ಕಿಯ ಜಾಗ ಮಾತ್ರ ಖಾಲಿ. ಲೆನ್ಸ್ ಸಾರ್ ಅಲ್ಲಿ ತಮ್ಮ ಗಿಡುಗ ಬರಲಿ ಎನ್ನುತ್ತಿದ್ದರು. ಮೇಡಂ ಮಾತ್ರ ಹಳದಿ ಕೊರಳಿನ ಪಿಕಳಾರಕ್ಕಾಗಿ ಜಾಗ ಹಿಡಿದಿಟ್ಟಿದ್ದರು. ಬೇರೆ ಪಿಕಳಾರಗಳು ಮನೆ ಹಿತ್ತಲಿಗೂ ಬರುತ್ತವೆ. ಇದು ಬಂಡೆ ಬಂಡೆಗಳ ನಡುವಿನ ಪೊದೆಯಲ್ಲೇ ಇದ್ದು, ಕೂಗಿ, ಮುಖ ತೋರಿಸದೆ ಜಾರಿಕೊಳ್ಳುವ ಪ್ರಾಣಿ. ಸುತ್ತಲ ಗುಡ್ಡಗಳಲ್ಲಿ ಇದೆ ಅನ್ನುತ್ತಾರೆ. ಈ ಗುಡ್ಡದಲ್ಲಿ ಮಾತ್ರ ಯಾರೂ ಕಂಡಿಲ್ಲ. ಭಾನುವಾರದ ಮೇಲೆ ಭಾನುವಾರ ಹೋದೆವು. ಮೇಡಂ ಕೇಳುವರು, “ಇರಬಹುದಾ ಸಾಹೇಬ್ರೆ?” ಸಾಹೇಬರು ಕಣ್ಣು ಮುಚ್ಚಿ ಅನ್ನುವರು, “ಇರ್ಬೌದು.” ಅದೇ ಮಾತು, ಅರ್ಥ ಮಾತ್ರ ತದ್ವಿರುದ್ಧ.

ಇಷ್ಟು ಜನ ದೊಡ್ಡವರು ಒಂದು ಕೂಗಿಗಾಗಿ ಇಷ್ಟು ಹಂಬಲಿಸುವಾಗ, ಆ ಕೂಗು ಜೇಬಿನಲ್ಲಿರುವವನು ಎಷ್ಟು ದಿನ ಸುಮ್ಮನಿರುತ್ತಾನೆ?

ಆವತ್ತು ಸಾಹೇಬರು ಕೊಟ್ಟ ಬೀಗವನ್ನು ಬಾಯಿಗೆ ಹಾಕಿದಂತೆ ಮಾಡಿ, ನಾಲಿಗೆಯಲ್ಲೇ ಕಟಂ ಅನ್ನಿಸಿ, ತುಂಡನ್ನು ಜೇಬಿಗೆ ಇಳಿಸಿದೆ. ಒಂದಕ್ಕೆ ಹೋಗಿ ಬರುತ್ತೇನೆಂದು ದೊಡ್ಡ ಬಂಡೆಯೊಂದರ ಹಿಂದೆ ಹೋದೆ. ಎರಡು ಸಲ ಕೂಗಿದೆ. ಆ ಕಡೆ ಎಲ್ಲರ ಮಾತು ಒಮ್ಮೆಗೇ ನಿಂತಿತು. ಮೇಡಂ ಪಿಸುಗುಡುತ್ತಿದ್ದುದು ಬಂಡೆಯಾಚೆಯಿಂದ ಕೇಳಿಸಿತು: “ಅದೇ. ಅದೇ ಅದು.” ಅಲ್ಲಿಗೇ ನಿಲ್ಲಿಸಬೇಕಿತ್ತು, ಆದರೆ ಬಾಯಿ ನನ್ನ ಮಾತು ಕೇಳಬೇಕಲ್ಲ. ಮೂರನೆಯ ಕೂಗು ಅರ್ಧಕ್ಕೆ ಬಂದಿದ್ದಾಗ ಪಕ್ಕದಲ್ಲಿ ಕಾಲುಚೀಲದೊಳಗೆ ತೂರಿಸಿದ ಪ್ಯಾಂಟು ಕಂಡಿತು.

ಸಾಹೇಬರು ನನ್ನ ಗಂಟಲನ್ನೇ ನೋಡುತ್ತಿದ್ದರು. ಇಷ್ಟು ದಿನ ಅನುಮಾನಪಟ್ಟದ್ದನ್ನು ಕೊನೆಗೂ ಕಣ್ಣಾರೆ ಕಂಡ ಮನುಷ್ಯನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವರು ಬೈಯಲೂ ಇಲ್ಲ. ನನ್ನ ಜೇಬಿನ ಕಡೆ ಗಲ್ಲ ಆಡಿಸಿದರು. ನಾನು ಚಿಕ್ಕಿ ತೆಗೆದು ಬಾಯಿಗೆ ಹಾಕಿಕೊಂಡೆ. ಈ ಸಲ ಕಟಂ ಅಂದದ್ದು ನಿಜವಾದ ಚಿಕ್ಕಿಯೇ. ಆ ಸದ್ದು ಕಿವಿಯಲ್ಲಿ ತುಂಬಿ ಬೇರೇನೂ ಕೇಳದಿರುವಾಗ ಅವರು ಫಕ್ಕನೆ ಕೈ ಎತ್ತಿದರು. ಕಣ್ಣು ನನ್ನ ಭುಜದಾಚೆ ಎಲ್ಲೋ ನೆಟ್ಟಿತು. ದುರ್ಬೀನು ಏರಿತು, ಇಳಿಯಿತು, ಏರಿತು. ನಾನು ತಿರುಗುವಷ್ಟರಲ್ಲಿ ಪೊದೆಯ ಒಂದು ಕೊಂಬೆ ಅಲ್ಲಾಡುತ್ತಿತ್ತು. ಕೊಂಬೆ ಗಾಳಿಗೂ ಅಲ್ಲಾಡುತ್ತದೆ.

ಸಾಹೇಬರು ಬಂಡೆ ಬಳಸಿ ಗುಂಪಿಗೆ ಹೋದರು. ಈಗ ನನ್ನ ಕಥೆ ಮುಗಿಯಿತು ಅಂದುಕೊಂಡು ಹಿಂದೆಯೇ ಹೋದೆ. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದರು.

“ಕೇಳಿದ್ರಾ ಸಾಹೇಬ್ರೆ? ಏನಾದ್ರೂ ಕಾಣಿಸ್ತಾ?” ಅಂದರು ಮೇಡಂ.

ಸಾಹೇಬರು ಗಲ್ಲ ಎತ್ತಲಿಲ್ಲ. ಕಣ್ಣು ಮುಚ್ಚಲಿಲ್ಲ.

“ಐತೆ” ಅಂದರು.

ಅಷ್ಟೇ. ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. ನನ್ನ ಬಗ್ಗೆ ಒಂದು ಮಾತೂ ಬರಲಿಲ್ಲ. ಎರಡು ಜೊತೆ ಕಣ್ಣಿನ ನಿಯಮ ಆ ಸಂಭ್ರಮದಲ್ಲಿ ಯಾರಿಗೂ ನೆನಪಾಗಲಿಲ್ಲ. ಸಾಹೇಬರೇ ಐತೆ ಅಂದ ಮೇಲೆ ಇನ್ನೆಷ್ಟು ಜೊತೆ ಕಣ್ಣು ಬೇಕು?

ಅದಾದ ಮೇಲೆ ನಾನು ಇಡ್ಲಿ ಹೋಟೆಲಿನಲ್ಲಿ ಏನು ಮಾಡಿದೆ ಅನ್ನುವುದು ನಿಮಗೆ ಗೊತ್ತೇ ಇದೆ. ಕೊಚ್ಚಿಕೊಳ್ಳುವಾಗ ಬಂಡೆಯ ಹಿಂದೆ ಸಿಕ್ಕಿಬಿದ್ದ ಭಾಗವನ್ನು ನುಂಗಿಬಿಟ್ಟಿದ್ದೆ. ಬೀಗ ಹಾಕಿಸಿಕೊಂಡವನು ಅಂತ ಯಾರು ಹೇಳಿಕೊಳ್ಳುತ್ತಾರೆ?

ವಾರವಿಡೀ ಫೋನು ಸುಮ್ಮನಿರಲಿಲ್ಲ. ಒಬ್ಬರು ಕೇಳಿದರು, “ಕಣ್ವ ಕೆರೆ ಹತ್ರ ಗೂಬೆ ಕೂಗಿತ್ತಲ್ಲ, ಅದೂ ನೀನಾ?” ಅಲ್ಲ ಅಂದೆ. “ಆಣೆ ಮಾಡು” ಅಂದರು. ಇನ್ನೊಬ್ಬರಿಗೆ ಸಾತನೂರಿನ ನವಿಲಿನ ಮೇಲೆ ಅನುಮಾನ. “ಅದನ್ನ ಕಣ್ಣಲ್ಲೇ ನೋಡಿದ್ರಲ್ಲ ಸಾರ್” ಅಂದರೆ, “ನೋಡಿದ್ದು ನವಿಲೇ. ಕೂಗಿದ್ದು ಯಾರು?” ಸಂಘ ಕೇಳಿದ್ದ ಹಕ್ಕಿಯೆಲ್ಲ ಒಂದೊಂದಾಗಿ ಕೊಳೆತ ಗೂಡಾಗುತ್ತ ಬಂತು. ನನಗೇ ಒಂದೆರಡು ಹಕ್ಕಿಯ ಬಗ್ಗೆ ಖಾತ್ರಿ ಹೋಗಿ, ಅದು ನಾನೇ ಇದ್ದಿರಬಹುದೇ ಎಂದು ಯೋಚಿಸಿದ್ದುಂಟು.

ನನ್ನ ಮೇಲಿನ ಅನುಮಾನ ನ್ಯಾಯವಾದದ್ದು. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಸಾಹೇಬರು ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ಅದನ್ನು ಯಾರೋ ನೆನಪಿಸಿದರು. ಬೇರೆಯವರ ಹಕ್ಕಿಯನ್ನೆಲ್ಲ ತಳ ಕೆದಕಿ ನೋಡಿದವರು ತಮ್ಮದನ್ನು ಮಾತ್ರ ಒಂದೇ ಮಾತಿನಲ್ಲಿ ಮುಗಿಸಿದ್ದು ಹೇಗೆ ಅಂತ ಇನ್ನೊಬ್ಬರು. ಲೆನ್ಸ್ ಸಾರ್ ಗುಂಪಿನಲ್ಲಿ ಹಾಕಿದ್ದು ಒಂದೇ ಸಾಲು: “ಗುಡ್ಡ ಎಲ್ಲೈತೆ?”

ನನ್ನ ಅನುಮಾನ ಇದೆಲ್ಲಕ್ಕಿಂತ ಕೆಟ್ಟದ್ದು. ಅದು ಯಾರಿಗೂ ಹೇಳುವಂಥದ್ದಾಗಿರಲಿಲ್ಲ. ಅವರು ನನ್ನನ್ನು ಉಳಿಸಲು ‘ಐತೆ’ ಅಂದರೇ? ಹಕ್ಕಿಯ ಕೂಗು ಕೂಗಿ ಹಕ್ಕಿಯನ್ನು ಕರೆಯಬಾರದು, ಅದರ ನೆಮ್ಮದಿ ಕೆಡುತ್ತದೆ ಎಂಬುದು ಸಂಘದ ಇನ್ನೊಂದು ನಿಯಮ. ನಾನು ಸಿಕ್ಕಿಬಿದ್ದಿದ್ದರೆ ಆವತ್ತೇ ಸಂಘದಿಂದ ಹೊರಗೆ. ಹಾಗಾದರೆ ಯಾವ ಹಕ್ಕಿಗೂ ಖರ್ಚು ಮಾಡದ ಮಾತನ್ನು ಆ ಮನುಷ್ಯ ನನ್ನಂಥ ಕಿಡಿಗೇಡಿಗೆ ಖರ್ಚು ಮಾಡಿದರೇ?

ಅವರ ಮನೆಗೆ ಹೋದೆ. ಮನೆಯ ಹಿಂದೆಯೇ ಯೂನಿಟ್ಟು, ಬೆಂದ ಗೂಡಿನ ಗಬ್ಬು ವಾಸನೆ, ರಾಟೆ ತಿರುಗುವ ಸದ್ದು. ಸಾಹೇಬರು ನೂಲಿನ ಲಡಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಬಂದದ್ದನ್ನು ನೋಡಿಯೂ ನೋಡದಂತೆ, “ಯಾರೋ ನಂಗೆ ಟೋಪಿ ಹಾಕಿದ್ರಂತೆ” ಅಂದರು.

“ತಪ್ಪಾಯ್ತು ಸಾಹೇಬ್ರೆ.”

“ನಂಗೆ ಟೋಪಿ ಹಾಕಕ್ಕೆ ನೀನೇ ಬೇಕಾ? ಚಿಕ್ಕೋನಿದ್ದಾಗ್ಲೇ ನಮ್ಮಪ್ಪ ಹಾಕವ್ರೆ” ಎಂದು ತಲೆ ಮುಟ್ಟಿಕೊಂಡು ತೋರಿಸಿದರು.

ನಗಬೇಕೋ ಬೇಡವೋ ತಿಳಿಯಲಿಲ್ಲ. ಟೀ ತಂದ ಅವರ ಹೆಂಡತಿ ನಕ್ಕುಬಿಟ್ಟರು. “ಇವ್ರ ಮಾತಿಗೆ ಹೆದರ್ಬೇಡಪ್ಪ. ನನ್ನ ನೋಡಕ್ಕೆ ಬಂದಾಗ ಎರಡು ಸಲ ಬಂದಿದ್ರು. ಮೊದಲ್ನೇ ಸಲ ತೋರಿಸಿದ್ದು ನನ್ನ ತಂಗೀನೇನೋ ಅಂತ ಅನುಮಾನ.”

“ಈಗ್ಲೂ ಐತೆ” ಅಂದರು ಸಾಹೇಬರು, ಲಡಿಯಿಂದ ಕಣ್ಣು ತೆಗೆಯದೆ.

ಆಕೆ ಒಳಗೆ ಹೋದ ಮೇಲೆ ಧೈರ್ಯ ಮಾಡಿ ಕೇಳಿದೆ. “ಒಂದು ನಿಜ ಹೇಳಿ ಸಾಹೇಬ್ರೆ. ಹಕ್ಕಿ ನೋಡಿದ್ರಾ? ಇಲ್ಲಾ ನನ್ನ ಉಳ್ಸಕ್ಕೆ ಹಂಗಂದ್ರಾ?”

ಅವರು ಲಡಿ ಕೆಳಗಿಟ್ಟರು. “ಭಾನುವಾರ ಸಭೆ ಐತೆ, ಅಲ್ಲಿ ಕೇಳು. ಗೂಡಿನ ಮಾರ್ಕೆಟ್ಟಲ್ಲಿ ಮಾತು ಬಿದ್ದೋನು ಹರಾಜಿಗೆ ನಿಲ್ಲಂಗಿಲ್ಲ. ನಿಂತ್ರೂ ಯಾರೂ ತಿರುಗಿ ನೋಡಲ್ಲ. ಅಲ್ಲಿ ನನ್ನ ಮಾತು ಬಿದ್ರೆ ನಾನು ಇನ್ನು ಗುಡ್ಡಕ್ಕೆ ಬರಲ್ಲ. ದುರ್ಬೀನು ನೀನೇ ಇಟ್ಕೋ, ಹಗ್ಗ ಗಟ್ಟಿಯಾಗೈತೆ.” ಇಷ್ಟು ಹೇಳಿ ಟೀಯ ಲೋಟವನ್ನು ಮೂಗಿನ ಹತ್ತಿರ ಹಿಡಿದು ಮೂಸಿ, “ಇದ್ರಲ್ಲಿ ಏಲಕ್ಕಿ ಹಾಕೀನಿ ಅಂತಾಳೆ. ಒಸಿ ನೋಡು” ಅಂದರು.

ಏಲಕ್ಕಿ ಇತ್ತು. ಲೋಟ ಅವರ ಕೈಗೇ ವಾಪಸು ಕೊಟ್ಟೆ.

ಆ ಭಾನುವಾರ ನಡಿಗೆ ಇಲ್ಲ, ಸಭೆ. ಶಾಲೆಯ ಅದೇ ಕೊಠಡಿ, ಮಕ್ಕಳ ಅದೇ ಬೆಂಚು. ಕೂತರೆ ದೊಡ್ಡವರ ಮೊಣಕಾಲೆಲ್ಲ ಗಲ್ಲಕ್ಕೆ ಬರುತ್ತದೆ. ಹಲಗೆಯನ್ನು ತಂದು ಗೋಡೆಗೆ ಒರಗಿಸಿದ್ದರು. ಅರಗಿನ ಬಣ್ಣದ ಹಕ್ಕಿಗಳೆಲ್ಲ ಮಿರಮಿರ ಮಿಂಚುತ್ತಿದ್ದವು. ಖಾಲಿ ಮೂಲೆಯ ಕಡೆ ಯಾರೂ ನೇರವಾಗಿ ನೋಡುತ್ತಿರಲಿಲ್ಲ. ಸಾಹೇಬರು ಕೊನೆಯ ಬೆಂಚಿನಲ್ಲಿದ್ದರು. ಪಕ್ಕದ ಜಾಗದಲ್ಲಿ ಯಾರೂ ಕೂತಿರಲಿಲ್ಲ.

ಮೇಡಂ ನನ್ನನ್ನು ಎಬ್ಬಿಸಿದರು. “ಕೂಗಿದ್ದು ನೀನೇನಾ?”

“ಹೌದು ಮೇಡಂ.”

“ಹಕ್ಕಿ ಕೂಗು ಕೂಗಿ ಹಕ್ಕೀನ ಕರೀಬಾರದು ಅಂತ ಗೊತ್ತಿರಲಿಲ್ವಾ?”

“ನಾನು ಕರೆದದ್ದು ಹಕ್ಕೀನಲ್ಲ ಮೇಡಂ, ನಿಮ್ಮನ್ನ.”

ಯಾರೋ ಕಿಸಕ್ಕೆಂದರು. ಮೇಡಂ ನೋಡಿದ ನೋಟಕ್ಕೆ ಅದು ಅಲ್ಲೇ ಸತ್ತಿತು.

ಲೆನ್ಸ್ ಸಾರ್ ಎದ್ದರು. “ನೋಡಿ, ಸಾಹೇಬ್ರ ಬಗ್ಗೆ ನನಗೆ ರೆಸ್ಪೆಕ್ಟ್ ಇದೆ. ಬಟ್ ನಡೆದದ್ದು ಸಿಂಪಲ್. ಇವನು ಕೂಗಿದ. ಸಾಹೇಬ್ರು ಆ ಕಡೆ ಹೋದ್ರು. ಅಲ್ಲಿ ಯಾವುದೋ ಪೊದೆ ಅಲ್ಲಾಡಿರುತ್ತೆ. ಆಪರೇಷನ್ ಆದ ಕಣ್ಣು, ನೋಡ್ಬೇಕು ಅನ್ನೋ ಆಸೆ ಬೇರೆ. ಇವನ ಕೂಗಿಗೆ ಮೋಸ ಹೋಗಿದ್ದಾರೆ, ಅಷ್ಟೆ. ತಪ್ಪೇನಿಲ್ಲ. ಯಾರಾದ್ರೂ ಹೋಗ್ತಾರೆ.”

ಆ ‘ತಪ್ಪೇನಿಲ್ಲ’ ಅನ್ನುವುದರಲ್ಲಿ ಎಷ್ಟು ವರ್ಷದ ಬಡ್ಡಿಯಿತ್ತು ಅಂತ ಎಲ್ಲರಿಗೂ ಕೇಳಿಸಿತು.

ಮೇಡಂ ಸಾಹೇಬರತ್ತ ನೋಡಿದರು. ಮಾವಿನ ತೋಪಿನ ಪ್ಲಾಸ್ಟಿಕ್ ಕವರು ಅವರ ಕಣ್ಣಲ್ಲಿ ಹಾರಿಹೋಯಿತೋ ಏನೋ, ನಾನು ಆಣೆ ಮಾಡಲಾರೆ. “ಎರಡು ಜೊತೆ ಕಣ್ಣು ಅನ್ನೋದು ನೀವೇ ಮಾಡಿದ ನಿಯಮ ಸಾಹೇಬ್ರೆ” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಅವರ ಪಕ್ಕದಲ್ಲಿ ಇದ್ದದ್ದು ನೀನೊಬ್ಬನೇ. ನೀನು ನೋಡಿದ್ಯಾ?”

ಹೂಂ ಅಂದರೆ ಸಾಕಿತ್ತು. ಎರಡು ಜೊತೆ ಕಣ್ಣಾಗುತ್ತಿತ್ತು, ಹಲಗೆ ತುಂಬುತ್ತಿತ್ತು, ಸಾಹೇಬರ ಮಾತು ನಿಲ್ಲುತ್ತಿತ್ತು. ಬಾಯಿ ತೆರೆದೆ. ಕೊನೆಯ ಬೆಂಚಿನಿಂದ ಸಾಹೇಬರು ನನ್ನ ಗಂಟಲನ್ನೇ ನೋಡುತ್ತಿದ್ದರು.

“ಇಲ್ಲ ಮೇಡಂ” ಅಂದೆ. “ಕೊಂಬೆ ಅಲ್ಲಾಡಿದ್ದು ನೋಡ್ದೆ. ಬಾಯಲ್ಲಿ ಚಿಕ್ಕಿ ಇತ್ತು, ಕಿವಿಗೂ ಏನೂ ಕೇಳಿಸ್ಲಿಲ್ಲ.”

“ಅಲ್ಲಿಗಾಯ್ತಲ್ಲ” ಅಂದರು ಲೆನ್ಸ್ ಸಾರ್.

ಸಾಹೇಬರು ಎದ್ದು ನಿಂತರು. ಆ ಬೆಂಚಿನಿಂದ ಏಳುವುದಕ್ಕೇ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಯಾರ ಮೇಲೂ ಸಿಟ್ಟು ಇದ್ದಂತೆ ಕಾಣಲಿಲ್ಲ. ಗೂಡಿನ ಲಾಟಿನ ಮುಂದೆ ನಿಂತಾಗಿನ ಮುಖ, ಏನೊಂದೂ ತೋರಿಸದ ಮುಖ.

“ಸಾರ್, ಇವನ ಕೂಗು ನೀವು ಕೇಳಿದ್ರಲ್ಲ. ಹೆಂಗಿತ್ತು?”

“ಪರ್ಫೆಕ್ಟ್ ಆಗಿತ್ತು. ಅದನ್ನೇ ನಾನು ಹೇಳ್ತಿರೋದು. ನಾನೂ ನಂಬ್ದೆ.”

“ಮೇಡಂ, ನೀವು?”

“ನಾನೂ ನಂಬಿದೆ ಸಾಹೇಬ್ರೆ” ಅಂದರು ಮೇಡಂ.

“ಹಕ್ಕಿ ಪಾಠ ಮಾಡೋರೇ ನಂಬೋ ಹಂಗಿತ್ತು” ಎಂದು ತಲೆಯಾಡಿಸಿ, ಸಾಹೇಬರು ದುರ್ಬೀನನ್ನು ರೇಷ್ಮೆ ಹುರಿಯ ಸಮೇತ ಕೊರಳಿಂದ ತೆಗೆದು ಬೆಂಚಿನ ಮೇಲಿಟ್ಟರು. ಮನೆಯಲ್ಲಿ ಅವರಾಡಿದ ಮಾತು ನನಗೆ ನೆನಪಾಯಿತು. ಅವರು ಲೆನ್ಸ್ ಸಾರ್ ಕಡೆ ತಿರುಗಿದರು.

“ಬಂಡೆ ಹಿಂದಕ್ಕೆ ಹೋಗಿ ಇವನ ಗಂಟಲು ಆಡಾದನ್ನ ಕಣ್ಣಾರೆ ಕಂಡೋನು ನಾನೊಬ್ನೇ ಸಾರ್, ನಾನೆಲ್ಲಿ ಮೋಸ ಹೋಗ್ಲಿ? ಮೋಸ ಹೋಗಿ ಹತ್ರ ಬಂದಿದ್ದು ಹಕ್ಕಿ. ಮೋಸ ಹೋಗಕ್ಕಾದ್ರೂ ಅದು ಅಲ್ಲಿ ಇರಬೇಕಲ್ಲ.”